ಬಾಸೂರು ಕಾವಲಿನ ಸಮಿತಿಯಲ್ಲಿ ಕುರಿಗಾಹಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು, ಅಂದರೆ ಹಿಂದೆ ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲನ್ನು, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗ, ತೋಳ, ಚಳಿಗಾಲಕ್ಕೆ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳು ಅಲ್ಲಿ ಉಳಿಯಬೇಕು. ಕುರಿ ಸಾಕುವ ಮನೆಯವಳಾದ ನನಗೆ ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಸಮಿತಿಯ ವಿಚಾರದಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ, ಕೃಷಿ, ಪಶುಸಂಗೋಪನೆಯವರು ಇರಬೇಕು, ಸ್ವಯಂಸೇವಾ ಸಂಸ್ಥೆಗಳ ಮೂವರೂ ಇರಬೇಕು. ದಿನವೂ ಬಿಸಿಲಲ್ಲಿ ಮಂದೆ ಹೊಡೆದುಕೊಂಡು ತಿರುಗುವವನ ಹೆಸರೇ ಆ ಪಟ್ಟಿಯಲ್ಲಿಲ್ಲ.

ತೋಳ ಯಾವ ದಿಬ್ಬದಲ್ಲಿ ಮರಿ ಹಾಕಿದೆ ಎಂಬುದು ಮೊದಲು ಗೊತ್ತಾಗುವುದು ಅವನಿಗೇ. ಬಾಯಿಬಿಟ್ಟರೆ ಯಾರಾದರೂ ಬಿಲಕ್ಕೆ ಹೊಗೆ ಹಾಕಿಯಾರೆಂದು ಸುಮ್ಮನಿರುವವರೂ ಇದ್ದಾರೆ. ಸತ್ತ ಕುರಿಯನ್ನು ಮಗ್ಗುಲಿಗೆ ಹೊರಳಿಸಿ ನೋಡಿದರೆ ಸಾಕು, ಯಾರ ಕೆಲಸ ಅಂತ ನಮ್ಮಪ್ಪ ಹೇಳುತ್ತಾರೆ. ತೋಳ ಗಂಟಲಿಗೆ ಬಾಯಿ ಹಾಕುತ್ತದೆ, ಸಾಮಾನ್ಯವಾಗಿ ಒಂದನ್ನು ಎಳೆದುಕೊಂಡು ಹೋಗುತ್ತದೆ. ತೊಡೆ, ಬಾಲದ ಬುಡ ಕಿತ್ತು, ತಿನ್ನದೆಯೇ ನಾಲ್ಕಾರು ಕುರಿ ಕೆಡವಿದ್ದರೆ ಅದು ಕೋಳಿ ಅಂಗಡಿಯ ಕಸ ತಿಂದು ಬೆಳೆದ ಬೀದಿನಾಯಿಗಳ ಹಿಂಡು. ಬೈಗುಳ ಮಾತ್ರ ತೋಳಕ್ಕೆ.

ಪರಿಹಾರಕ್ಕೆ ಅರ್ಜಿ ಹಾಕೋಣವೆಂದರೆ ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿಯುವ ತನಕ ಸತ್ತ ಕುರಿ ಕಾಯುತ್ತ ಕೂರಬೇಕು. ಉಳಿದ ಮಂದೆ ಮೇಯಿಸುವವರು ಯಾರು? ಬೇಸತ್ತವನು ಹೆಣಕ್ಕೆ ವಿಷ ಸವರಿದರೆ ತೋಳದ ಜೊತೆ ನರಿ, ಹದ್ದುಗಳೂ ಸಾಯುತ್ತವೆ. ಅದು ತಪ್ಪೇ. ಆದರೆ ಆ ಸಿಟ್ಟನ್ನು ಮೊದಲೇ ಕೇಳಿಸಿಕೊಳ್ಳುವ ಜಾಗ ಎಲ್ಲಿದೆ?

ಇನ್ನು ಕಾವಲಿನಲ್ಲಿ ಗಿಡ ನೆಡುವ ಉತ್ಸಾಹದ ಬಗ್ಗೆ ಒಂದು ಮಾತು. ಕಾವಲು ಬಂಜರಲ್ಲ, ಹುಲ್ಲಿನ ಬಯಲು. ಗಿಡಮರ ಬೆಳೆದು ದೂರದವರೆಗೆ ಕಣ್ಣು ಹಾಯದ ಕಡೆ ಕೃಷ್ಣಮೃಗ ನಿಲ್ಲುವುದಿಲ್ಲ. ಇದು ಕುರಿ ಕಾಯುವ ಹುಡುಗನಿಗೂ ಗೊತ್ತು.

ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಸುತ್ತಲ ಹಳ್ಳಿಗಳ ಇಬ್ಬರು ಕುರಿಗಾಹಿಗಳನ್ನು, ಅವರಲ್ಲಿ ಒಬ್ಬ ಹೆಂಗಸನ್ನು, ವಿಶೇಷ ಆಹ್ವಾನಿತರೆಂದು ಸಭೆಗೆ ಕರೆಯಬಹುದು. ತೋಳ ಮರಿ ಹಾಕುವ ಕಾಲದಲ್ಲಿ ಯಾವ ಕಡೆ ಮಂದೆ ಬಿಡಬಾರದೆಂದು ಅವರೇ ಗುರುತು ಮಾಡಿಕೊಡುತ್ತಾರೆ. ಸಭೆಯನ್ನು ಮಾತ್ರ ಹಾಡುಹಗಲು ಪೇಟೆಯಲ್ಲಿ ಇಡಬೇಡಿ. ಕುರಿ ರೊಪ್ಪ ಸೇರಿದ ಮೇಲೆ ಊರಲ್ಲೇ ಕರೆಯಿರಿ, ಬರುತ್ತಾರೆ.

— ಕುರಿಗಾಹಿಯೊಬ್ಬರ ಮಗಳು, ಕಡೂರು ತಾಲ್ಲೂಕು