ಟೇಪ್ ಹಚ್ಚಿದ ಮೇಲೆಯೇ ತ್ರೀಡಿ ಚಿತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಮರಗೆಲಸ ಮತ್ತು ಒಳಾಂಗಣ ವಿನ್ಯಾಸದ ಕೆಲಸದ ಕ್ರಮ ಬದಲಾಗುತ್ತಿದೆ. ಇಷ್ಟು ದಿನ ಮೊದಲು ಕೋಣೆ ಹೇಗೆ ಕಾಣುತ್ತದೆಂದು ಕಂಪ್ಯೂಟರ್‌ನಲ್ಲಿ ಬಿಡಿಸಿದ ತ್ರೀಡಿ ಚಿತ್ರ ತೋರಿಸಿ ಎಸ್ಟಿಮೇಟ್ ಕೊಡುತ್ತಿದ್ದೆವು. ಇನ್ನು ಮುಂದೆ ಮೊದಲು ನಿಮ್ಮ ಮನೆಗೆ ಬಂದು ಮಂಚ, ಸೋಫಾ, ವಾರ್ಡ್‌ರೋಬ್‌ಗಳು ಎಷ್ಟೆಷ್ಟು ಜಾಗ ತಿನ್ನುತ್ತವೆ ಎಂಬುದನ್ನು ನೆಲದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಗುರುತು ಮಾಡುತ್ತೇವೆ. ನೀವು ಓಡಾಡಿ ನೋಡಿ ಒಪ್ಪಿದರೆ ಎಸ್ಟಿಮೇಟ್. ಚಿತ್ರ ಆಮೇಲೆ.

ಏಕೆಂದರೆ ತ್ರೀಡಿ ಚಿತ್ರ ಬಿಡಿಸುವವರು ಒಂದು ಗೋಡೆಯನ್ನೇ ಮಾಯ ಮಾಡಿ ದೂರದಿಂದ ತೋರಿಸಿರುತ್ತಾರೆ. 10x11 ಅಡಿಯ ಕೋಣೆಯೂ ಅದರಲ್ಲಿ ಕಲ್ಯಾಣ ಮಂಟಪ! ಲೆಕ್ಕ ಹಾಕಿದರೆ ಬೇರೆಯೇ. ಹೆಡ್‌ಬೋರ್ಡ್ (ತಲೆ ಕಡೆಯ ಹಲಗೆ) ಸೇರಿ ಇಬ್ಬರು ಮಲಗುವ ಕ್ವೀನ್ ಮಂಚದ ಉದ್ದ ಸುಮಾರು 7 ಅಡಿ. ಎದುರು ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಇಟ್ಟರೆ 11 ಅಡಿಯಲ್ಲಿ ಮಧ್ಯೆ ಉಳಿಯುವುದು ಬರೀ 2 ಅಡಿ. ವಾರ್ಡ್‌ರೋಬ್‌ನ ಒಂದೂವರೆ ಅಡಿ ಅಗಲದ ಬಾಗಿಲು ತೆರೆದರೆ ನಿಲ್ಲಲು ಜಾಗ ಎಲ್ಲಿ? ಸ್ಲೈಡಿಂಗ್ ಬಾಗಿಲು ಹಾಕಿದರೆ ಆಳ ಸುಮಾರು 3 ಇಂಚು ಹೆಚ್ಚುತ್ತದೆ, ಆದರೂ ಬಾಗಿಲು ಮಂಚಕ್ಕೆ ತಾಗುವ ತಾಪತ್ರಯವಿಲ್ಲ. ಇದನ್ನು ಪ್ಲೈವುಡ್ ಕತ್ತರಿಸಿದ ಮೇಲೆ ಸರಿಮಾಡಲಾಗದು.

ಹಾಲ್‌ನಲ್ಲಿ ಓಡಾಡುವ ದಾರಿಗೆ 3 ಅಡಿ, ಸೋಫಾಗೂ ಟೀಪಾಯಿಗೂ ನಡುವೆ 16ರಿಂದ 18 ಇಂಚು ಬಿಡುತ್ತೇವೆ. ಊಟದ ಟೇಬಲ್ ಅಂಚಿನಿಂದ ಗೋಡೆಗೆ 3 ಅಡಿ ಇಲ್ಲದಿದ್ದರೆ ಕೂತವರನ್ನು ಎಬ್ಬಿಸಿಯೇ ದಾಟಬೇಕು.

ಟೇಪ್ ಹಚ್ಚುವುದು ವೈರಿಂಗ್‌ಗೆ ಗೋಡೆ ಕೊರೆಯುವ ಮುಂಚೆ. ಮಂಚದ ಜಾಗ ಆಮೇಲೆ ಬದಲಾದರೆ ಸ್ವಿಚ್‌ಬೋರ್ಡ್ ಹೆಡ್‌ಬೋರ್ಡ್ ಹಿಂದೆ ಹೂತುಹೋಗುತ್ತದೆ. ಆದರೆ ಕಪಾಟಿನ ಕೊನೆ ಅಳತೆ ತೆಗೆಯುವುದು ಪ್ಲಾಸ್ಟರ್, ಟೈಲ್ಸ್ ಮುಗಿದ ಮೇಲೆಯೇ. ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಕಡೆ. ನೆಟ್ಟಗಿರುವ ಗೋಡೆ ಅಪರೂಪ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಅಡ್ಡ ಅಳೆಯಿರಿ. 5 ಅಡಿ ಬಂದರೆ ಮೂಲೆ ಸರಿಯಾದ ಲಂಬಕೋನದಲ್ಲಿದೆ.

ಬಣ್ಣ, ಲ್ಯಾಮಿನೇಟ್ (ಪ್ಲೈವುಡ್ ಮೇಲೆ ಅಂಟಿಸುವ ಹಾಳೆ) ಆರಿಸುವ ಕ್ರಮ ಮೊದಲಿನಂತೆಯೇ. ಮಾದರಿ ತುಂಡನ್ನು ಮನೆಗೆ ಒಯ್ದು ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಅಂಗಡಿಯ ಬಿಳಿ ಬೆಳಕನ್ನು ನಂಬಬೇಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಕ್ರಮವೇ. ಬೇಕೆಂದವರಿಗೆ ಟೇಪ್ ಹಚ್ಚಿಕೊಡುತ್ತೇವೆ, ಅದಕ್ಕೆ ಹಣವಿಲ್ಲ. ಟೇಪ್ ಹಚ್ಚುವ ದಿನ ಅಡುಗೆ ಮಾಡುವವರು ಮನೆಯಲ್ಲಿರಲೇಬೇಕು. ಅವರ ಮಡಿಸಿದ ಮೊಣಕೈಗಿಂತ ಸುಮಾರು 4 ಇಂಚು ಕೆಳಗೆ ಅಡುಗೆ ಕಟ್ಟೆಯ ಎತ್ತರ ಗುರುತು ಮಾಡುತ್ತೇವೆ.

ಇಂತಿ,
ನಿಮ್ಮ ಮರಗೆಲಸ ಮತ್ತು ಒಳಾಂಗಣ ವಿನ್ಯಾಸ ತಂಡ