ಲಾಗಿನ್ ಆದ ಮೇಲೂ ಕಾವಲು: ಜೂನ್ 1ರಿಂದ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬದಲಾವಣೆ

ಕಾಸರಗೋಡು, ಮೇ 11

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಅಡಿಕೆ ಅಂಗಡಿ ಮತ್ತು ಸೊಸೈಟಿಗಳ ಗ್ರಾಹಕರಿಗೆ ನಮಸ್ಕಾರ.

ಬೆಳಿಗ್ಗೆ ಅಂಗಡಿ ತೆರೆದು ಗೂಗಲ್ ಖಾತೆಯಿಂದ ಒಮ್ಮೆ ಲಾಗಿನ್ ಆದರೆ ನಮ್ಮ ಸಾಫ್ಟ್‌ವೇರ್ 12 ಗಂಟೆ ಮತ್ತೇನೂ ಕೇಳುತ್ತಿರಲಿಲ್ಲ. ಅನುಕೂಲವೇನೋ ಹೌದು. ಆದರೆ ಹತ್ತು ಗಂಟೆಗೆ ಆ ಖಾತೆ ಕಳ್ಳರ ಕೈಸೇರಿ, ಹನ್ನೊಂದಕ್ಕೆ ಗೂಗಲ್ ಅದನ್ನು ತಡೆಹಿಡಿದರೂ ನಮಗೆ ಸುದ್ದಿಯೇ ಇರುತ್ತಿರಲಿಲ್ಲ. ರೈತರ ಬಾಕಿ, ಬ್ಯಾಂಕ್ ಖಾತೆ ಸಂಖ್ಯೆ ಇರುವ ಪುಟ ಸಂಜೆವರೆಗೂ ತೆರೆದೇ ಇರುತ್ತಿತ್ತು.

ಜೂನ್ 1ರಿಂದ ಇಂಥ ಭದ್ರತಾ ಸೂಚನೆಗಳು ಗೂಗಲ್‌ನಿಂದ ನೇರ ನಮ್ಮ ಸರ್ವರಿಗೆ ಬರುತ್ತವೆ. ಒಂದೊಂದೂ ಡಿಜಿಟಲ್ ಸಹಿಯಿರುವ ಪುಟ್ಟ ಚೀಟಿ: ಕಳಿಸಿದ್ದು ಯಾರು, ಯಾವ ಖಾತೆ, ಏನಾಯಿತು, ಯಾವಾಗ. ಪಾಸ್‌ವರ್ಡ್ ಅದರಲ್ಲಿರುವುದಿಲ್ಲ. ನಿಮ್ಮ ಲೆಕ್ಕದ ಒಂದಕ್ಷರವೂ ನಮ್ಮಿಂದ ಆಚೆ ಹೋಗುವುದಿಲ್ಲ. ಸಹಿ ತಾಳೆಯಾಗದ ಚೀಟಿಯನ್ನು ಅಲ್ಲೇ ಬಿಸಾಡುತ್ತೇವೆ. ಇಲ್ಲವಾದರೆ ಯಾರು ಬೇಕಾದರೂ ಸುಳ್ಳು ಸೂಚನೆ ಕಳಿಸಿ ನಿಮ್ಮನ್ನು ಹೊರಹಾಕಿಸಬಹುದು. ಚೀಟಿಯ ಈ ರೂಪ 2018ರಲ್ಲೇ ನಿಗದಿಯಾಗಿದೆ. ಸಂಸ್ಥೆಗಳು ತಮ್ಮೊಳಗೆ ಇದನ್ನು ಹಂಚಿಕೊಳ್ಳುವ ಪದ್ಧತಿಯನ್ನು, ಲಾಗಿನ್ ವ್ಯವಸ್ಥೆಗಳ ಮಾನದಂಡ ರೂಪಿಸುವ ಓಪನ್‌ಐಡಿ ಫೌಂಡೇಶನ್ 2025ರಲ್ಲಿ ಅಂತಿಮಗೊಳಿಸಿತು.

ಬರುವುದು ಸುದ್ದಿ ಮಾತ್ರ, ಅದಕ್ಕೆ ಏನು ಮಾಡಬೇಕೆಂಬ ತೀರ್ಮಾನ ನಮ್ಮದು. ಖಾತೆ ಬೇರೆಯವರ ಕೈಸೇರಿ ತಡೆಯಾಗಿದೆ ಎಂದು ತಿಳಿದರೆ ಕೌಂಟರ್ ಬಿಲ್ಲಿಂಗ್, ಮೊಬೈಲ್ ಆ್ಯಪ್, ಪಾವತಿ ಪುಟ ಮೂರೂ ತಕ್ಷಣ ಮುಚ್ಚುತ್ತವೆ. ಪಾಸ್‌ವರ್ಡ್ ಬದಲಿಸಲೇಬೇಕು ಎಂದಷ್ಟೇ ಬಂದರೆ ಬಿಲ್ ಬರೆಯಲು ಅಡ್ಡಿಯಿಲ್ಲ. ಪಾವತಿ ಮಾಡಲು, ರೈತರ ಬ್ಯಾಂಕ್ ಸಂಖ್ಯೆ ತಿದ್ದಲು ಮಾತ್ರ ಮತ್ತೆ ಲಾಗಿನ್ ಬೇಕು. ಊರು ಬದಲಾದುದನ್ನು ನಾವು ಅನುಮಾನಕ್ಕೆ ಕಾರಣ ಮಾಡಿಲ್ಲ. ಕೇರಳ-ಕರ್ನಾಟಕ ಗಡಿಯಾದ ತಲಪಾಡಿಯ ಆಚೆ ಈಚೆ ದಿನಕ್ಕೆರಡು ಸಲ ಓಡಾಡುವವರನ್ನು ಆ ಲೆಕ್ಕದಲ್ಲಿ ತಡೆದರೆ ವ್ಯಾಪಾರವೇ ನಡೆಯದು.

ಫೋನ್ ಕಳೆದುಹೋದರೂ ಇದೇ ದಾರಿ. 'ಎಲ್ಲ ಕಡೆ ಲಾಗೌಟ್' ಒತ್ತಿದರೆ ಈವರೆಗೆ ಆ್ಯಪ್ ಮಾತ್ರ ಮುಚ್ಚುತ್ತಿತ್ತು, ಇನ್ನು ಮೂರಕ್ಕೂ ಸೂಚನೆ ಹೋಗುತ್ತದೆ.

ಚಾಲಿ ಅಡಿಕೆ ತೂಗಿ, ಏಳು ಗೋಣಿಯಲ್ಲಿ ನಾಲ್ಕರ ತೂಕ ಬರೆದಿರುವಾಗ ಪರದೆ ಮುಚ್ಚಿದರೆ? ಪ್ರತಿ ಸಾಲೂ ಆಗಿಂದಾಗಲೇ ಉಳಿಯುತ್ತದೆ. ಅದೇ ವ್ಯಕ್ತಿ ಮತ್ತೆ ಲಾಗಿನ್ ಆದರೆ ಐದನೇ ಗೋಣಿಯಿಂದ ಮುಂದುವರಿಸಬಹುದು.

ಮಳೆಗಾಲದಲ್ಲಿ ನೆಟ್ ಹೋದರೆ ಕೌಂಟರಿನ ಕಂಪ್ಯೂಟರಿಗೆ ಯಾವ ಸೂಚನೆಯೂ ತಲುಪದು. ಆದ್ದರಿಂದ ನೆಟ್ ಇಲ್ಲದೆ ಇಡೀ ದಿನ ಕೆಲಸ ಮಾಡುವ ಸೌಲಭ್ಯವನ್ನು 2 ಗಂಟೆಗೆ ಇಳಿಸಿದ್ದೇವೆ, ಅದೂ ಬಿಲ್ಲಿಗೆ ಮಾತ್ರ. ತೊಂದರೆಯೆನಿಸಬಹುದು, ಆದರೂ ಇದನ್ನು ಸಡಿಲಿಸಲಾರೆವು. ಗೂಗಲ್ ಜತೆಗಿನ ಸಂಪರ್ಕ ಸರಿಯಿದೆಯೇ ಎಂದು ಗಂಟೆಗೊಮ್ಮೆ ಪರೀಕ್ಷಾ ಸೂಚನೆ ತರಿಸಿ ನೋಡುತ್ತೇವೆ. ಅದು ಬರದಿದ್ದರೆ, ಸರಿಯಾಗುವ ತನಕ ಲಾಗಿನ್ ಅವಧಿ 1 ಗಂಟೆ ಮಾತ್ರ.

ನಮಗೆ ನಿಜವಾಗಿ ಚಿಂತೆಯಿರುವುದು ಒಂದೇ ಜಿಮೇಲಿನಲ್ಲಿ ಧಣಿಗಳು, ರೈಟರ್, ಲೆಕ್ಕ ನೋಡುವವರು ಎಲ್ಲರೂ ಕೆಲಸ ಮಾಡುವ ಅಂಗಡಿಗಳ ಬಗ್ಗೆ. ಒಬ್ಬರ ಫೋನಿನಲ್ಲಿ ಎಡವಟ್ಟಾದರೆ ಮೂವರೂ ಹೊರಗೆ. ಮೇ 31ರೊಳಗೆ ಸೆಟ್ಟಿಂಗ್ಸ್‌ನ 'ಬಳಕೆದಾರರು' ಪುಟದಲ್ಲಿ ಒಬ್ಬೊಬ್ಬರಿಗೂ ಅವರದೇ ಖಾತೆ ಸೇರಿಸಿ. ಇದಕ್ಕೆ ಹೆಚ್ಚುವರಿ ಹಣವಿಲ್ಲ. ಕೆಲಸ ಬಿಟ್ಟವರ ಹೆಸರು ಅಳಿಸಿ. 'ಮಾಲಕ' ಅಧಿಕಾರ ಇಬ್ಬರಿಗಾದರೂ ಇರಲಿ. ಒಬ್ಬರ ಖಾತೆ ತಡೆಯಾದಾಗ ಇನ್ನೊಬ್ಬರು ಅಂಗಡಿ ನಡೆಸಬೇಕಲ್ಲ.

ಒಟಿಪಿಯಿಂದ ಲಾಗಿನ್ ಆಗುವವರು ಗಮನಿಸಿ: ನಿಂತುಹೋದ ಮೊಬೈಲ್ ನಂಬರನ್ನು ಕಂಪನಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆದಕಾರಣ 90 ದಿನ ಬಳಸದ ನಂಬರಿಗೆ ಮಾಲಕರ ಒಪ್ಪಿಗೆಯಿಲ್ಲದೆ ಒಟಿಪಿ ಹೋಗದು.

ಲಾಗಿನ್ ಮುಚ್ಚಿದಾಗ ಕಾರಣ ಪರದೆಯಲ್ಲೇ ಕನ್ನಡ, ಮಲಯಾಳಂ ಎರಡರಲ್ಲೂ ಕಾಣುತ್ತದೆ. ಅದರ ಹೆಸರಿನಲ್ಲಿ ನಾವು ಲಿಂಕ್ ಕಳಿಸುವುದಿಲ್ಲ, ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಹಾಗೆ ಕೇಳಿದರೆ ಫೋನ್ ಇಟ್ಟು, ಬಿಲ್ಲಿನಲ್ಲಿರುವ ನಮ್ಮ ಕಚೇರಿಯ ನಂಬರಿಗೆ ಕರೆಮಾಡಿ.

ಇಂತು,
ಸಾಫ್ಟ್‌ವೇರ್ ವಿಭಾಗದವರು