ಟಂಡ್ರಾ ಹಕ್ಕಿಗಳ ಸುದ್ದಿಯಲ್ಲಿ ಕೆಸರು ಬಯಲೂ ಇರಲಿ

ಮಾನ್ಯ ಸಂಪಾದಕರೇ,

ಉತ್ತರ ಧ್ರುವದ ಸುತ್ತಲಿನ ಟಂಡ್ರಾದಲ್ಲಿ ಮರಿ ಮಾಡುವ ಹಕ್ಕಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಒಂದೇ ಧಾಟಿ: ಭೂಮಿ ಬಿಸಿಯಾಗುತ್ತಿದೆ, ಹಿಮ ಕರಗುತ್ತಿದೆ, ಹಕ್ಕಿಗಳು ಕಡಿಮೆಯಾಗುತ್ತಿವೆ. ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತ ಮಾತು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಇಂಥ ಸುದ್ದಿಯನ್ನು ತರಗತಿಯಲ್ಲಿ ಓದಿಸಿದಾಗ ಮಕ್ಕಳು ಕೇಳುತ್ತಿದ್ದುದು, ‘ಹಾಗಾದ್ರೆ ಏನೂ ಮಾಡೋಕಾಗಲ್ವಾ ಮಿಸ್?’ ಎಂದು. ಮಾಡಬಹುದು, ಕೆಲವು ಕಡೆ ಮಾಡಿದ್ದಾರೆ ಕೂಡ. ಅದು ಸುದ್ದಿಯಲ್ಲಿ ಬರುತ್ತಿಲ್ಲವೆಂಬ ಸಂಕಟಕ್ಕೆ ಈ ಪತ್ರ.

ಈ ಹಕ್ಕಿಗಳಲ್ಲಿ ಬಹಳಷ್ಟು ಟಂಡ್ರಾದಲ್ಲಿರುವುದು ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ. ಉಳಿದ ಕಾಲವೆಲ್ಲ ದೂರದ ಕಡಲತೀರಗಳಲ್ಲಿ, ನೀರು ಇಳಿದಾಗ ತೆರೆದುಕೊಳ್ಳುವ ಕೆಸರು ಬಯಲುಗಳಲ್ಲಿ. ರಷ್ಯಾದ ಚುಕೋಟ್ಕಾ ಕರಾವಳಿಯಲ್ಲಿ ಗೂಡು ಕಟ್ಟುವ ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್ ಅನ್ನೇ ನೋಡಿ. ಸುಮಾರು ಮೂವತ್ತು ಗ್ರಾಂ ತೂಕದ ಹಕ್ಕಿ. ಮೊಟ್ಟೆಯೊಡೆದು ಬರುವಾಗಲೇ ಮರಿಯ ಕೊಕ್ಕಿನ ತುದಿ ಚಮಚದಂತೆ ಅಗಲವಾಗಿರುತ್ತದೆ. ತಾಯಿ ತಂದೆ ಗುಟುಕು ಕೊಡುವುದಿಲ್ಲ. ಹುಟ್ಟಿದ ದಿನವೇ ಆ ಮರಿ ತನ್ನ ಕಾಲ ಮೇಲೆ ನಿಂತು ಹುಳು ಹೆಕ್ಕಲು ಶುರುಮಾಡುತ್ತದೆ. 1970ರ ದಶಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜೋಡಿಗಳಿದ್ದವೆಂದು ಅಂದಾಜು. 2010ರ ಹೊತ್ತಿಗೆ ಅದು ಇನ್ನೂರಕ್ಕಿಂತ ಕೆಳಗಿಳಿಯಿತು.

ಟಂಡ್ರಾದ ಆ ಮೂಲೆಯಲ್ಲಿ ಅಂಥದ್ದೇನೂ ಆಗಿರಲಿಲ್ಲ. ಆಗಿದ್ದು ದಾರಿಯಲ್ಲಿ. ಚೀನಾ, ಕೊರಿಯಾಗಳ ನಡುವಿನ ಹಳದಿ ಸಮುದ್ರದ ದಡದ ಕೆಸರು ಬಯಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐವತ್ತು ವರ್ಷಗಳಲ್ಲಿ ಇಲ್ಲವಾದವು. ದಕ್ಷಿಣ ಕೊರಿಯಾದ ಸೆಮಾಂಗುಮ್‌ನಲ್ಲಿ 33 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ 2006ರಲ್ಲಿ ಕಡಲನ್ನು ತಡೆದರು. ಸೈಬೀರಿಯಾದಿಂದ ಬರುವ ಗ್ರೇಟ್ ನಾಟ್ ಹಕ್ಕಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಇಳಿಯುತ್ತಿದ್ದ ಜಾಗವದು. ‘ಪಕ್ಕದ ತೀರಕ್ಕೆ ಹೋಗಿರುತ್ತವೆ ಬಿಡಿ’ ಎನ್ನುವಂತಿಲ್ಲ. ಸುತ್ತಲಿನ ತೀರಗಳಲ್ಲಿ ಅಷ್ಟು ಹಕ್ಕಿಗಳು ಸಿಗಲಿಲ್ಲ. ಅವು ವರ್ಷದ ಬಹುಭಾಗ ಕಳೆಯುವ ಆಸ್ಟ್ರೇಲಿಯಾದಲ್ಲೂ ಎಣಿಕೆ ಕುಸಿಯಿತು. ಸಾವಿರಾರು ಕಿಲೋಮೀಟರ್ ಹಾರಿ ಸೊರಗಿ ಬಂದ ಹಕ್ಕಿಗೆ ಇಳಿಯುವ ಜಾಗದಲ್ಲಿ ಮೇವಿಲ್ಲದಿದ್ದರೆ ಮುಂದಿನ ತೀರ ಹುಡುಕಲು ಮೈಯಲ್ಲಿ ಕಸುವೇ ಇರುವುದಿಲ್ಲ.

ಅಮೆರಿಕದ ಡೆಲವೇರ್ ಕೊಲ್ಲಿಯಲ್ಲೂ ಹೀಗೇ ಆಯಿತು. ದಕ್ಷಿಣ ಅಮೆರಿಕದಿಂದ ಕೆನಡಾದ ಟಂಡ್ರಾಕ್ಕೆ ಹೊರಟ ರೆಡ್ ನಾಟ್‌ಗಳು ಮೇ ತಿಂಗಳಲ್ಲಿ ಅಲ್ಲಿ ಇಳಿದು, ಕುದುರೆಲಾಳದ ಏಡಿಗಳ ಮೊಟ್ಟೆ ತಿಂದು, ಎರಡು ವಾರದೊಳಗೆ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಮೀನುಗಾರಿಕೆಯ ಬೋನಿಗೆ ಎರೆಯಾಗಿ ಆ ಏಡಿಗಳನ್ನು 1990ರ ದಶಕದಲ್ಲಿ ಲಕ್ಷಗಟ್ಟಲೆ ಹಿಡಿದರು; ಮೊಟ್ಟೆ ಕಡಿಮೆಯಾಯಿತು, ಹಕ್ಕಿಯೂ ಕಡಿಮೆಯಾಯಿತು. ನ್ಯೂಜೆರ್ಸಿ 2008ರಲ್ಲಿ ಏಡಿ ಹಿಡಿಯುವುದನ್ನು ನಿಲ್ಲಿಸಿತು. ಇಂಥ ನಿರ್ಧಾರಗಳು ಸುದ್ದಿಯಾಗಬೇಡವೇ?

ಬಿಸಿಯ ಪೆಟ್ಟನ್ನು ನಾನು ಅಲ್ಲಗಳೆಯುತ್ತಿಲ್ಲ. ರಷ್ಯಾದ ತೈಮಿರ್‌ನಲ್ಲಿ ಹಿಮ ಬೇಗ ಕರಗಿದ ವರ್ಷಗಳಲ್ಲಿ, ಹುಳುಹುಪ್ಪಟೆ ಹೆಚ್ಚಿರುವ ಹೊತ್ತು ತಪ್ಪಿ, ರೆಡ್ ನಾಟ್ ಮರಿಗಳು ಚಿಕ್ಕದಾಗಿ, ಗಿಡ್ಡ ಕೊಕ್ಕಿನವಾಗಿ ಬೆಳೆದವು. ಅವೇ ಹಕ್ಕಿಗಳು ಪಶ್ಚಿಮ ಆಫ್ರಿಕಾದ ಮಾರಿಟೇನಿಯಾಕ್ಕೆ ಬಂದಾಗ ಮರಳಿನಾಳದ ಚಿಪ್ಪುಜೀವಿಗಳು ಕೊಕ್ಕಿಗೆ ಎಟುಕಲಿಲ್ಲ. ಹಿಮದ ಲೆಕ್ಕ ತಪ್ಪಿದ್ದು ಉತ್ತರದಲ್ಲಿ, ಹಸಿವು ಕಾಡಿದ್ದು ಅಷ್ಟು ದೂರದ ತೀರದಲ್ಲಿ. ‘ಹವಾಮಾನ ಬದಲಾವಣೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ಈ ಕೊಂಡಿ ಓದುಗರಿಗೆ ಕಾಣುವುದಾದರೂ ಹೇಗೆ?

ಎಲ್ಲ ಹಕ್ಕಿಗಳೂ ಕಡಿಮೆಯಾಗುತ್ತಿಲ್ಲ ಎಂಬುದನ್ನೂ ಬರೆಯಬೇಕು. ಉತ್ತರ ಅಮೆರಿಕದ ಹೊಲಗಳಲ್ಲಿ ಉದುರಿದ ಕಾಳು ತಿಂದು ಚಳಿಗಾಲ ದಾಟುವ ಹಿಮ ಹೆಬ್ಬಾತುಗಳು ವಿಪರೀತ ಹೆಚ್ಚಿ, ಹಡ್ಸನ್ ಕೊಲ್ಲಿಯ ಜವುಗಿನ ಹುಲ್ಲನ್ನು ಬೇರುಸಮೇತ ಕಿತ್ತು ತಿಂದಿವೆ. ಹೊದಿಕೆ ಹೋದ ನೆಲ ಉಪ್ಪಾಗಿ ಬಹುಕಾಲ ಮತ್ತೆ ಹಸಿರಾಗುವುದಿಲ್ಲ. ಅದೇ ಹುಲ್ಲಿನ ಮರೆಯಲ್ಲಿ ಗೂಡಿಡುತ್ತಿದ್ದ ಸಣ್ಣ ಹಕ್ಕಿಗಳಿಗೆ ಜಾಗವಿಲ್ಲ. ಅಮೆರಿಕದ ಅಲಾಸ್ಕಾಕ್ಕೆ ಸೇರಿದ ಅಲೂಷಿಯನ್ ದ್ವೀಪಗಳ ಪುಟ್ಟ ಹೆಬ್ಬಾತಿನದು ಬೇರೆಯೇ ಕಥೆ. ತುಪ್ಪಳದ ವ್ಯಾಪಾರಿಗಳು ತಂದುಬಿಟ್ಟ ನರಿಗಳಿಂದ ಅದು ನಿರ್ನಾಮವಾಯಿತೆಂದೇ ನಂಬಿದ್ದರು. 1962ರಲ್ಲಿ ನರಿಯಿಲ್ಲದ ಬುಲ್ಡಿರ್ ದ್ವೀಪದಲ್ಲಿ ಕೆಲವು ನೂರು ಸಿಕ್ಕವು. ಬೇರೆ ದ್ವೀಪಗಳಿಂದ ನರಿಗಳನ್ನು ತೆಗೆದರು, ಬೇಟೆಗೆ ಕಡಿವಾಣ ಹಾಕಿದರು. 2001ರಲ್ಲಿ ಅದು ಅಳಿವಿನಂಚಿನ ಪಟ್ಟಿಯಿಂದಲೇ ಹೊರಬಂತು.

ಚಮಚಕೊಕ್ಕಿನ ಸ್ಯಾಂಡ್‌ಪೈಪರ್‌ಗಾಗಿಯೂ ಕೆಲಸ ನಡೆದಿದೆ. 2012ರಿಂದ ಚುಕೋಟ್ಕಾದಲ್ಲಿ ಮೊಟ್ಟೆಗಳನ್ನು ತಂದು ಕಾವು ಕೊಟ್ಟು, ಮರಿಗಳನ್ನು ಹಾರುವವರೆಗೆ ಸಾಕಿ ಬಿಟ್ಟರು. ಅದು ಚಳಿಗಾಲ ಕಳೆಯುವ ಮ್ಯಾನ್ಮಾರ್‌ನ ಮೊಟ್ಟಮಾ ಕೊಲ್ಲಿಯಲ್ಲಿ ಹಕ್ಕಿಗೆ ಬಲೆ ಹಾಕುತ್ತಿದ್ದ ಬಡವರಿಗೆ ಬೇರೆ ದುಡಿಮೆ ಕಲ್ಪಿಸಿದರು. ಬೈದು ಓಡಿಸಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಕಡಲಿಗೆ ಮಣ್ಣು ತುಂಬಿ ನೆಲ ಮಾಡುವ ವ್ಯಾಪಾರಿ ಯೋಜನೆಗಳಿಗೆ ಚೀನಾ 2018ರಲ್ಲಿ ತಡೆ ಹಾಕಿತು, ಮರುವರ್ಷ ಹಳದಿ ಸಮುದ್ರದ ಕೆಲವು ತೀರಗಳು ವಿಶ್ವ ಪರಂಪರೆ ಪಟ್ಟಿ ಸೇರಿದವು. ದಕ್ಷಿಣ ಕೊರಿಯಾದ ಕೆಲವು ಕೆಸರು ಬಯಲುಗಳು 2021ರಲ್ಲಿ ಸೇರಿದವು. ಹಕ್ಕಿ ಇನ್ನೂ ಅಪಾಯದಲ್ಲೇ ಇದೆ, ಆದರೆ ಕೈಬಿಟ್ಟುಹೋಗಿಲ್ಲ.

ಆದ್ದರಿಂದ ಇಂಥ ಸುದ್ದಿ ಹಾಕುವಾಗ ಹಕ್ಕಿಯ ಹೆಸರು, ಅದು ಇಳಿಯುವ ತೀರ, ಅಲ್ಲಿ ಯಾರು ಏನು ತೀರ್ಮಾನಿಸಿದರು ಎಂಬುದನ್ನೂ ದಯವಿಟ್ಟು ಬರೆಸಿ. ಜೊತೆಗೊಂದು ವಲಸೆ ಹಾದಿಯ ನಕ್ಷೆ ಇದ್ದರೆ ತರಗತಿಯ ಗೋಡೆಗೆ ಅಂಟಿಸಲು ಶಿಕ್ಷಕರಿಗೂ ಅನುಕೂಲ.

ಇಂತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ